ಕಾರ್ಖಾನೆಗೆ ಸ್ವಂತ ನಿಸ್ತಂತು ಜಾಲ ಬೇಕೇ? ನಿರ್ಧಾರದಿಂದ ಒಪ್ಪಂದದವರೆಗೆ ಒಂದು ಮಾರ್ಗದರ್ಶಿ

ಖಾಸಗಿ 5ಜಿ ಮಾರಲು ಬರುವವರು ಮೊದಲು ಮಾತನಾಡುವುದು ವೇಗದ ಬಗ್ಗೆ. ಸೆಕೆಂಡಿಗೆ ಇಷ್ಟು ಗಿಗಾಬಿಟ್, ಒಂದೇ ಮಿಲಿಸೆಕೆಂಡ್ ವಿಳಂಬ, ಚದರ ಕಿಲೋಮೀಟರಿಗೆ ಹತ್ತು ಲಕ್ಷ ಸಾಧನ. ಕಾರ್ಖಾನೆ ನಡೆಸುವವರನ್ನು ಕಾಡುವುದು ಈ ಮೂರರಲ್ಲಿ ಒಂದೂ ಅಲ್ಲ. ಗೋದಾಮಿನ ಹಿಂದಿನ ಸಾಲಿನಲ್ಲಿ ಸ್ಕ್ಯಾನರ್ ಸಂಪರ್ಕ ಕಳೆದುಕೊಳ್ಳುತ್ತದೆ. ಚಾಲಕನಿಲ್ಲದ ಸಾಗಣೆ ಗಾಡಿ ಎರಡು ಶೆಡ್‌ಗಳ ನಡುವೆ ನಿಂತುಬಿಡುತ್ತದೆ. ಕ್ರೇನಿನ ಕ್ಯಾಮೆರಾ ಚಿತ್ರ ಬೇಕಾದ ಗಳಿಗೆಯಲ್ಲೇ ಕೈಕೊಡುತ್ತದೆ. ಇಂಥ ನಿಲುಗಡೆಗಳಿಂದ ಆಗುವ ನಷ್ಟ ದೊಡ್ಡದಿದ್ದರೆ ಮಾತ್ರ ಸ್ವಂತ ಜಾಲಕ್ಕೆ ಹಾಕಿದ ಹಣ ಹಿಂದಿರುಗುತ್ತದೆ. ಇಲ್ಲದಿದ್ದರೆ ಅದು ಅತಿಥಿಗಳಿಗೆ ತೋರಿಸುವ ಅಲಂಕಾರವಾಗಿ ಉಳಿಯುತ್ತದೆ.

ಮೊಬೈಲ್ ಕಂಪನಿಗಳು ಊರಿಗೆಲ್ಲ ಬಳಸುವ 4ಜಿ ಅಥವಾ 5ಜಿ ತಂತ್ರಜ್ಞಾನವನ್ನೇ ಒಂದು ಆವರಣದೊಳಗೆ, ಒಂದೇ ಸಂಸ್ಥೆಯ ಯಂತ್ರಗಳಿಗೂ ಜನರಿಗೂ ಮೀಸಲಾಗಿ ಕಟ್ಟಿದರೆ ಅದು ಖಾಸಗಿ ನಿಸ್ತಂತು ಜಾಲ. ಆಂಟೆನಾ ಹೊತ್ತ ರೇಡಿಯೊ ಘಟಕಗಳು, ಸಂಸ್ಥೆಯೇ ಹಂಚುವ ಸಿಮ್‌ಗಳು, ಯಾವ ಸಾಧನಕ್ಕೆ ಪ್ರವೇಶ, ಯಾವುದರ ದತ್ತಾಂಶ ಎಲ್ಲಿಗೆ ಎಂದು ತೀರ್ಮಾನಿಸುವ ‘ಕೋರ್’ ಎಂಬ ತಂತ್ರಾಂಶ ಇದರ ಮೂರು ಮುಖ್ಯ ಭಾಗಗಳು. ಕೋರ್ ಆವರಣದೊಳಗೇ ಇದ್ದರೆ ಹೊರಗಿನ ಕೇಬಲ್ ಕಡಿದುಹೋದಾಗಲೂ ಒಳಗಿನ ಕೆಲಸ ನಡೆಯುತ್ತದೆ. ರಸ್ತೆ ಅಗೆಯುವವರ ಕೃಪೆಯಲ್ಲಿ ಬದುಕುವ ನಮ್ಮ ಕೈಗಾರಿಕಾ ಪ್ರದೇಶಗಳಿಗೆ ಇದೊಂದೇ ಸಾಕಷ್ಟು ದೊಡ್ಡ ಲಾಭ.

ಹಂತ 1: ನಿಲುಗಡೆಗಳ ಪಟ್ಟಿ ಮಾಡಿ

ಯಾವ ಕಂಪನಿಯನ್ನೂ ಮಾತುಕತೆಗೆ ಕರೆಯುವ ಮೊದಲು ಮೂರು ತಿಂಗಳ ಶಿಫ್ಟ್ ದಾಖಲೆ ತೆಗೆದುಕೊಂಡು ಕುಳಿತುಕೊಳ್ಳಿ. ಸಂಪರ್ಕ ತಪ್ಪಿದ್ದರಿಂದ ಯಾವ ಕೆಲಸ, ಎಲ್ಲಿ, ಎಷ್ಟು ಹೊತ್ತು ನಿಂತಿತು ಎಂದು ಬರೆಯಿರಿ. ದಾಖಲೆಯಲ್ಲಿ ಇದು ‘ನೆಟ್‌ವರ್ಕ್ ಸಮಸ್ಯೆ’ ಎಂದು ಇರುವುದಿಲ್ಲ. ‘ಗಾಡಿ ತಡ’, ‘ಸ್ಕ್ಯಾನ್ ಆಗಿಲ್ಲ, ಕೈಯಲ್ಲಿ ಬರೆದಿದೆ’ ಎಂದಿರುತ್ತದೆ. ಮೇಲ್ವಿಚಾರಕರನ್ನು ಮತ್ತು ಫೋರ್ಕ್‌ಲಿಫ್ಟ್ ಚಾಲಕರನ್ನು ಕೇಳಿದರೆ ಐಟಿ ವಿಭಾಗಕ್ಕೆ ಗೊತ್ತಿಲ್ಲದ ಜಾಗಗಳು ಹೊರಬರುತ್ತವೆ.

ಪ್ರತಿ ನಿಲುಗಡೆಯ ಎದುರು ಎರಡು ವಿಷಯ ಬರೆಯಿರಿ: ಅದರ ಬೆಲೆ ಮತ್ತು ಆ ಯಂತ್ರ ಚಲಿಸುವಂಥದ್ದೇ ಎಂಬುದು. ನಿಂತಲ್ಲೇ ನಿಂತಿರುವ ಯಂತ್ರಕ್ಕೆ ಕೇಬಲ್‌ಗಿಂತ ಒಳ್ಳೆಯ ಸಂಪರ್ಕ ಇನ್ನೂ ಹುಟ್ಟಿಲ್ಲ. ಖಾಸಗಿ ಜಾಲದ ನಿಜವಾದ ಗಿರಾಕಿ ಚಲಿಸುವ ವಸ್ತು: ಗಾಡಿ, ಕ್ರೇನ್, ಡಂಪರ್, ಕೈಯಲ್ಲಿ ಹಿಡಿಯುವ ಸಾಧನ, ಆಗಾಗ ಜಾಗ ಬದಲಿಸುವ ಜೋಡಣಾ ಸಾಲು.

ಹಂತ 2: ವೈ-ಫೈ ಸಾಕಾಗುತ್ತದೆಯೇ ನೋಡಿ

ಅನೇಕ ಕಡೆ ಸಾಕಾಗುತ್ತದೆ. ಹಳೆಯ ವೈ-ಫೈಯನ್ನು ಸರಿಯಾದ ಯೋಜನೆಯೊಂದಿಗೆ ಮತ್ತೆ ಕೂರಿಸಿದರೆ ಅರ್ಧ ದೂರುಗಳು ಮಾಯವಾಗುವುದೂ ಉಂಟು. ಆದರೆ ವೈ-ಫೈಗೆ ಹುಟ್ಟಿನಿಂದ ಬಂದ ಮಿತಿಗಳಿವೆ. 2.4 ಮತ್ತು 5 ಗಿಗಾಹರ್ಟ್ಸ್ ತರಂಗಾಂತರ ಪಟ್ಟಿಗಳಿಗೆ ಪರವಾನಗಿ ಬೇಡ, ಹಾಗಾಗಿ ಪಕ್ಕದ ಕಾರ್ಖಾನೆಯ ರೂಟರ್ ಕೂಡ ಅದೇ ಜಾಗದಲ್ಲಿ ಮಾತನಾಡುತ್ತದೆ. ಸಾಧನಗಳು ಗಾಳಿ ಖಾಲಿ ಇದೆಯೇ ಎಂದು ಕೇಳಿಸಿಕೊಂಡು, ಖಾಲಿ ಇದ್ದರೆ ಕಳಿಸುತ್ತವೆ. ಪೊಲೀಸರಿಲ್ಲದ ವೃತ್ತದಲ್ಲಿ ವಾಹನಗಳು ಒಬ್ಬರನ್ನೊಬ್ಬರು ನೋಡಿ ನುಗ್ಗಿದ ಹಾಗೆ ಇದು. ದಟ್ಟಣೆ ಕಡಿಮೆ ಇದ್ದಾಗ ಸಲೀಸು, ಹೆಚ್ಚಾದಾಗ ಯಾರ ಸರದಿ ಯಾವಾಗ ಎಂದು ಹೇಳಲಾಗದು. 4ಜಿ, 5ಜಿಯಲ್ಲಿ ಯಾರು ಯಾವ ಕ್ಷಣದಲ್ಲಿ ಕಳಿಸಬೇಕು ಎಂಬುದನ್ನು ರೇಡಿಯೊ ಘಟಕವೇ ಹಂಚುತ್ತದೆ. ಗಾಡಿಯ ನಿಯಂತ್ರಣ ಸಂದೇಶಕ್ಕೆ ಮೊದಲ ಸರದಿ, ಕಚೇರಿಯ ವಿಡಿಯೊಗೆ ಕೊನೆಯ ಸರದಿ ಎಂದು ನಿಯಮ ಹಾಕಬಹುದು.

ಚಲಿಸುವ ಸಾಧನ ಒಂದು ಆಂಟೆನಾದಿಂದ ಇನ್ನೊಂದಕ್ಕೆ ದಾಟುವ ಬಗೆಯಲ್ಲೂ ವ್ಯತ್ಯಾಸವಿದೆ. ವೈ-ಫೈಯಲ್ಲಿ ಯಾವಾಗ ದಾಟಬೇಕೆಂದು ತೀರ್ಮಾನಿಸುವುದು ಬಹುಪಾಲು ಸಾಧನವೇ. ಹಳೆಯ ಸಂಪರ್ಕ ಪೂರ್ತಿ ಕ್ಷೀಣಿಸುವವರೆಗೂ ಅದಕ್ಕೇ ಅಂಟಿಕೊಳ್ಳುವ ಸ್ಕ್ಯಾನರ್‌ಗಳು ಎಷ್ಟೋ. ಮೊಬೈಲ್ ತಂತ್ರಜ್ಞಾನದಲ್ಲಿ ಈ ದಾಟುವಿಕೆಯನ್ನು ಜಾಲವೇ ನಡೆಸುತ್ತದೆ. ನಿಮ್ಮ ಪಟ್ಟಿಯ ನಿಲುಗಡೆಗಳು ಹೆಚ್ಚಾಗಿ ಎರಡು ಆಂಟೆನಾಗಳ ಗಡಿಯಲ್ಲೇ ಆಗುತ್ತಿದ್ದರೆ, ಮುಂದಿನ ಹಂತಗಳನ್ನು ಓದುವುದರಲ್ಲಿ ಅರ್ಥವಿದೆ.

ಹಂತ 3: ನಿಮ್ಮ ಉದ್ಯಮದಲ್ಲಿ ಲಾಭ ಎಲ್ಲಿ ಅಡಗಿದೆ ಎಂದು ಗುರುತಿಸಿ

ಕಾರ್ಖಾನೆಗಳಲ್ಲಿ ನಮ್ಮ ಸಮೀಪದ ಉದಾಹರಣೆ ಬೆಂಗಳೂರಿನದೇ. 2022ರ ಜುಲೈನಲ್ಲಿ ಏರ್‌ಟೆಲ್ ಸಂಸ್ಥೆ ಬಾಷ್ ಆಟೊಮೋಟಿವ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಭಾರತದ ಮೊದಲ ಖಾಸಗಿ 5ಜಿ ಜಾಲವನ್ನು ಪರೀಕ್ಷಿಸಿದ್ದಾಗಿ ಪ್ರಕಟಿಸಿತು. ಬಳಸಿದ್ದು ದೂರಸಂಪರ್ಕ ಇಲಾಖೆ ಪ್ರಯೋಗಕ್ಕೆಂದು ಕೊಟ್ಟ ತರಂಗಾಂತರ. ಆಗ ದೇಶದಲ್ಲಿ ಸಾರ್ವಜನಿಕ 5ಜಿ ಇನ್ನೂ ಶುರುವಾಗಿರಲಿಲ್ಲ. ಪುಣೆ ಬಳಿಯ ಚಾಕಣದ ಮಹೀಂದ್ರಾ ವಾಹನ ಕಾರ್ಖಾನೆಯಲ್ಲಿ ಇಂಥ ಜಾಲಕ್ಕೆ ಕೊಟ್ಟ ಮುಖ್ಯ ಕೆಲಸಗಳಲ್ಲಿ ಒಂದು, ಹೊಸ ವಾಹನಗಳಿಗೆ ತಂತ್ರಾಂಶ ತುಂಬುವುದು. ಇಂದಿನ ಕಾರಿನೊಳಗೆ ಹತ್ತಾರು ಗಣಕ ಘಟಕಗಳಿರುತ್ತವೆ. ಪ್ರತಿ ಕಾರನ್ನೂ ಕೇಬಲ್ ಇರುವ ಜಾಗಕ್ಕೆ ತಂದು ನಿಲ್ಲಿಸುವುದಕ್ಕಿಂತ, ನಿಂತಲ್ಲೇ ಹಲವು ಕಾರುಗಳಿಗೆ ಒಟ್ಟಿಗೆ ತುಂಬಿದರೆ ಸಮಯ ಉಳಿಯುತ್ತದೆ. ಅಮೆರಿಕದ ಕೃಷಿಯಂತ್ರ ತಯಾರಕ ಜಾನ್ ಡಿಯರ್ 2020ರ ಹರಾಜಿನಲ್ಲಿ ತನ್ನ ಕಾರ್ಖಾನೆಗಳಿರುವ ಅಯೋವಾ ಮತ್ತು ಇಲಿನಾಯ್ ರಾಜ್ಯಗಳ ಐದು ಕೌಂಟಿಗಳಿಗೆ (ನಮ್ಮ ಜಿಲ್ಲೆಯಂಥವು) ತಾನೇ ತರಂಗಾಂತರ ಕೊಂಡಿತು. ನೆಲದುದ್ದಕ್ಕೂ ಹರಡಿದ ಕೇಬಲ್‌ಗಳನ್ನು ಕಡಿಮೆ ಮಾಡಿ, ಜೋಡಣಾ ಸಾಲನ್ನು ಬೇಕಾದಂತೆ ಬದಲಿಸಿಕೊಳ್ಳುವುದು ಅದರ ಉದ್ದೇಶವಾಗಿತ್ತು.

ತೆರೆದ ಗಣಿಗಳಲ್ಲಿ ಲೆಕ್ಕ ಇನ್ನೂ ಸ್ಪಷ್ಟ. ಸಂಡೂರು, ಹೊಸಪೇಟೆಯ ಕಬ್ಬಿಣದ ಅದಿರಿನ ಗಣಿಯಂಥ ಜಾಗದಲ್ಲಿ ಅಗೆಯುವ ಮುಖ ದಿನೇದಿನೇ ಸರಿಯುತ್ತದೆ, ರಸ್ತೆ ಬದಲಾಗುತ್ತದೆ, ನಿನ್ನೆ ಆಂಟೆನಾ ಕಂಬವಿದ್ದ ಗುಡ್ಡ ನಾಳೆ ಇರುವುದಿಲ್ಲ. ಹಾಗಾಗಿ ಅಲ್ಲಿ ಟ್ರೇಲರ್ ಮೇಲೆ ಕೂರಿಸಿದ, ಎಳೆದೊಯ್ಯಬಹುದಾದ ಆಂಟೆನಾ ಕಂಬಗಳನ್ನು ಬಳಸುವ ಪದ್ಧತಿ ಇದೆ. ಡಂಪರ್‌ಗಳ ಸ್ಥಾನ, ಇಂಧನ, ಟೈರಿನ ಒತ್ತಡ, ತಿರುವಿನಲ್ಲಿ ಡಿಕ್ಕಿಯ ಎಚ್ಚರಿಕೆ ಎಲ್ಲವೂ ಒಂದೇ ಜಾಲದಲ್ಲಿ ಹರಿಯುತ್ತವೆ. ನೆಲದಡಿಯ ಗಣಿಯ ಕಥೆ ಬೇರೆ. ಹಟ್ಟಿಯ ಚಿನ್ನದ ಗಣಿಯಂಥ ಕಡೆ ಬಂಡೆ ರೇಡಿಯೊ ಅಲೆಯನ್ನು ಬಿಡುವುದಿಲ್ಲ. ಸುರಂಗದುದ್ದಕ್ಕೂ ಅಲೆಗಳನ್ನು ಸ್ವಲ್ಪಸ್ವಲ್ಪವೇ ಹೊರಸೂಸುವ ವಿಶೇಷ ಕೇಬಲ್ ಎಳೆಯಬೇಕು, ಇಲ್ಲವೇ ತಿರುವು ತಿರುವಿಗೂ ಚಿಕ್ಕ ಘಟಕ ಕೂರಿಸಬೇಕು. ಗಣಿಯೊಳಕ್ಕೆ ಹೋಗುವ ಸಾಧನಗಳಿಗೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಒಪ್ಪಿಗೆಯ ಪ್ರಶ್ನೆಯೂ ಬರುತ್ತದೆ. ಅದನ್ನು ಖರೀದಿಗೆ ಮೊದಲೇ ಕೇಳಿಕೊಳ್ಳಿ.

ಬಂದರುಗಳಲ್ಲಿ ಶತ್ರು ಉಕ್ಕು. ಐದಾರು ಎತ್ತರಕ್ಕೆ ಪೇರಿಸಿದ ಕಂಟೇನರ್‌ಗಳ ನಡುವಿನ ಓಣಿಗೆ ಸಂಕೇತ ಇಳಿಯುವುದೇ ಕಷ್ಟ, ಮತ್ತು ಆ ಗೋಡೆಗಳು ಪ್ರತಿದಿನ ಜಾಗ ಬದಲಿಸುತ್ತವೆ. ಎತ್ತರದ ದೀಪಸ್ತಂಭಗಳಿಂದ ಕೆಳಮುಖವಾಗಿ ಆಂಟೆನಾ ಕೂರಿಸುವುದು ಇಲ್ಲಿ ನಡೆದುಬಂದ ಕ್ರಮ. ದೊಡ್ಡ ಲಾಭವೆಂದರೆ ದೂರದಿಂದ ಕ್ರೇನ್ ನಡೆಸುವ ಅವಕಾಶ. ಚಾಲಕ ಎತ್ತರದ ಗಾಜಿನ ಪೆಟ್ಟಿಗೆಯಲ್ಲಿ ಬಗ್ಗಿ ಕೂರುವ ಬದಲು ಕಚೇರಿಯಲ್ಲಿ ಪರದೆ ನೋಡಿ ಕೆಲಸ ಮಾಡುತ್ತಾನೆ.

ರೈಲ್ವೆಯದು ದೇಶದ ಅತಿ ದೊಡ್ಡ ಪ್ರಯತ್ನ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಭಾರತೀಯ ರೈಲ್ವೆಗೆ 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ 5 ಮೆಗಾಹರ್ಟ್ಸ್ ಮೀಸಲಿಟ್ಟಿತು. ಉದ್ದೇಶ, ರೈಲು ಚಾಲಕ, ಗಾರ್ಡ್ ಮತ್ತು ನಿಲ್ದಾಣದ ನಡುವಿನ ಮಾತು ಹಾಗೂ ಡಿಕ್ಕಿ ತಡೆಯುವ ವ್ಯವಸ್ಥೆಗೆ ಬೇಕಾದ ದತ್ತಾಂಶ. ಐದೇ ಮೆಗಾಹರ್ಟ್ಸ್ ಎಂಬುದನ್ನು ಗಮನಿಸಿ. ಜೀವ ಕಾಯುವ ಸಂದೇಶಕ್ಕೆ ಅಗಲವಾದ ದಾರಿ ಬೇಡ, ತಪ್ಪದ ದಾರಿ ಬೇಕು.

ವಿಮಾನ ದುರಸ್ತಿಯಲ್ಲಿ ಹ್ಯಾಂಬರ್ಗ್‌ನ ಲುಫ್ತಾನ್ಸಾ ಟೆಕ್ನಿಕ್ ಮಾಡಿದ್ದು ಚುರುಕಾದ ಕೆಲಸ. ಬಿಚ್ಚಿಟ್ಟ ಎಂಜಿನ್‌ನ ಬಿಡಿಭಾಗಗಳನ್ನು ನೋಡಲು ವಿಮಾನ ಕಂಪನಿಯ ಎಂಜಿನಿಯರ್ ಖುದ್ದಾಗಿ ಬರಬೇಕಿತ್ತು. ಸ್ವಂತ 5ಜಿ ಜಾಲದ ಮೂಲಕ ಸ್ಪಷ್ಟ ವಿಡಿಯೊ ಕಳಿಸಿ ಆ ಪ್ರಯಾಣವನ್ನು ತಪ್ಪಿಸುವ ವ್ಯವಸ್ಥೆಯನ್ನು ಅಲ್ಲಿ 2020ರಲ್ಲಿ ತಂದರು.

ಆಸ್ಪತ್ರೆಗಳ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. ಹೆಚ್ಚಿನ ಆಸ್ಪತ್ರೆಗಳಿಗೆ ಬೇಕಿರುವುದು ರೋಗಿಗಳ ಬಂಧುಗಳ ಮೊಬೈಲ್‌ಗಳಿಂದ ಬೇರ್ಪಡಿಸಿದ, ಚೆನ್ನಾಗಿ ನಿಭಾಯಿಸಿದ ವೈ-ಫೈ ಅಷ್ಟೇ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗಂತೂ 5ಜಿ ಮಾತೇ ಬೇಡ. ಮಣ್ಣಿನ ತೇವ, ಮಳೆ, ಪಂಪಿನ ಸ್ಥಿತಿ ಇವೆಲ್ಲ ಗಂಟೆಗೊಮ್ಮೆ ಕಳಿಸುವ ನಾಲ್ಕು ಅಂಕಿಗಳು. 865 ಮೆಗಾಹರ್ಟ್ಸ್ ಆಸುಪಾಸಿನ ಪರವಾನಗಿ ಬೇಡದ ಪಟ್ಟಿಯಲ್ಲಿ ನಡೆಯುವ ಲೋರಾ ತಂತ್ರಜ್ಞಾನ ಇದಕ್ಕೆ ಸಾಕು. ಒಂದು ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ, ಈ ಸಂದೇಶಗಳನ್ನು ಸಂಗ್ರಹಿಸುವ ಒಂದು ಗೇಟ್‌ವೇ ಪೆಟ್ಟಿಗೆ ಕೆಲವು ಕಿಲೋಮೀಟರ್ ಹಿಡಿಯುತ್ತದೆ. ಮರಗಳ ದಟ್ಟ ನೆರಳಿನಡಿ ಆ ದೂರ ಕುಗ್ಗುತ್ತದೆ, ಹಾಗಾಗಿ ಗೇಟ್‌ವೇಯನ್ನು ಎತ್ತರದಲ್ಲಿ ಇಡಿ.

ಹಂತ 4: ತರಂಗಾಂತರ ಯಾವ ದಾರಿಯಲ್ಲಿ ಎಂದು ತೀರ್ಮಾನಿಸಿ

ಉಳಿದದ್ದೆಲ್ಲ ಹಣ ಕೊಟ್ಟರೆ ಸಿಗುತ್ತದೆ. ಭಾರತದಲ್ಲಿ ಸಿಕ್ಕು ಇರುವುದು ಇಲ್ಲಿ. 2022ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆ ಹೊರಡಿಸಿದ ಮಾರ್ಗಸೂಚಿ ನಾಲ್ಕು ದಾರಿ ತೋರಿಸಿತು. ಮೊದಲನೆಯದು, ಮೊಬೈಲ್ ಕಂಪನಿ ತನ್ನ ಸಾರ್ವಜನಿಕ ಜಾಲದಲ್ಲೇ ನಿಮಗೊಂದು ಪಾಲು ಪ್ರತ್ಯೇಕಿಸಿ ಕೊಡುವುದು. ಎರಡನೆಯದು, ಅದೇ ಕಂಪನಿ ತನ್ನ ತರಂಗಾಂತರದಲ್ಲಿ ನಿಮ್ಮ ಆವರಣಕ್ಕೆ ಪೂರ್ತಿ ಬೇರೆಯೇ ಆದ ಜಾಲ ಕಟ್ಟಿಕೊಡುವುದು. ಮೂರನೆಯದು, ನೀವು ಕಂಪನಿಯಿಂದ ತರಂಗಾಂತರ ಗುತ್ತಿಗೆ ಪಡೆದು ನೀವೇ ಕಟ್ಟುವುದು. ನಾಲ್ಕನೆಯದು, ನೇರವಾಗಿ ಇಲಾಖೆಯಿಂದಲೇ ಪಡೆಯುವುದು. ಕೊನೆಯ ಎರಡಕ್ಕೆ ಪ್ರತ್ಯೇಕ ಪರವಾನಗಿ ಬೇಕು, ಅದರ ಅರ್ಜಿ ಶುಲ್ಕ 50,000 ರೂಪಾಯಿ ಎಂದು ಅಂದಿನ ಮಾರ್ಗಸೂಚಿ ಹೇಳಿತ್ತು. 2023ರ ದೂರಸಂಪರ್ಕ ಕಾಯ್ದೆ ಪರವಾನಗಿಯ ಚೌಕಟ್ಟನ್ನೇ ಬದಲಿಸಿರುವುದರಿಂದ, ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮವನ್ನು ಇಲಾಖೆಯ ತಾಣದಲ್ಲಿ ನೋಡಿಕೊಳ್ಳುವುದು ಕಡ್ಡಾಯ.

ನಾಲ್ಕನೆಯ ದಾರಿ ಕಾಗದದ ಮೇಲೆ ಆಕರ್ಷಕ. ಆದರೆ ಬೇಡಿಕೆಯ ಅಧ್ಯಯನ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಶಿಫಾರಸು ಎಂಬ ಮೆಟ್ಟಿಲುಗಳು ಮೊದಲೇ ಇದ್ದವು. ಅಧ್ಯಯನದಲ್ಲಿ ಪಾಲ್ಗೊಳ್ಳಲು ಸಂಸ್ಥೆಯ ನಿವ್ವಳ ಮೌಲ್ಯ 100 ಕೋಟಿ ರೂಪಾಯಿಗೂ ಹೆಚ್ಚಿರಬೇಕಿತ್ತು. ನೇರ ಹಂಚಿಕೆಗೆ ಮೊಬೈಲ್ ಕಂಪನಿಗಳ ವಿರೋಧ ಮೊದಲಿನಿಂದಲೂ ಇದೆ. ಹರಾಜಿನಲ್ಲಿ ಸ್ವಂತಕ್ಕೆ ಕೊಂಡವರ ಅನುಭವವೂ ಹುರುಪು ತರುವಂಥದ್ದಲ್ಲ. 2022ರಲ್ಲಿ ಅದಾನಿ ಸಮೂಹದ ಕಂಪನಿ 26 ಗಿಗಾಹರ್ಟ್ಸ್ ಪಟ್ಟಿಯಲ್ಲಿ 400 ಮೆಗಾಹರ್ಟ್ಸ್ ಅನ್ನು 212 ಕೋಟಿ ರೂಪಾಯಿಗೆ ಕೊಂಡಿತು. ಕರ್ನಾಟಕ ವಲಯದ 50 ಮೆಗಾಹರ್ಟ್ಸ್ ಕೂಡ ಅದರಲ್ಲಿತ್ತು. 2025ರ ಏಪ್ರಿಲ್‌ನಲ್ಲಿ ಅಷ್ಟನ್ನೂ ಏರ್‌ಟೆಲ್‌ಗೆ ವರ್ಗಾಯಿಸುವ ಒಪ್ಪಂದವಾಯಿತು.

ಜರ್ಮನಿಯ ಪದ್ಧತಿ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಅಲ್ಲಿ 3.7ರಿಂದ 3.8 ಗಿಗಾಹರ್ಟ್ಸ್‌ವರೆಗಿನ 100 ಮೆಗಾಹರ್ಟ್ಸ್ ಅನ್ನು ಸ್ಥಳೀಯ ಜಾಲಗಳಿಗೆಂದೇ ಎತ್ತಿಟ್ಟು, 2019ರ ನವೆಂಬರ್‌ನಿಂದ ಅರ್ಜಿ ಪಡೆಯತೊಡಗಿದರು. ಶುಲ್ಕಕ್ಕೆ ಒಂದು ಬಹಿರಂಗ ಸೂತ್ರವಿದೆ. ಜನವಸತಿ ಪ್ರದೇಶದ ಒಂದು ಚದರ ಕಿಲೋಮೀಟರಿಗೆ, ಪೂರ್ತಿ 100 ಮೆಗಾಹರ್ಟ್ಸ್, ಹತ್ತು ವರ್ಷಕ್ಕೆ ಲೆಕ್ಕ ಹಾಕಿದರೆ 31,000 ಯೂರೊ. ಕಾರ್ಖಾನೆ ಮಾಲೀಕ ಕಾಗದ ಪೆನ್ಸಿಲ್ ಹಿಡಿದು ತಾನೇ ಕೂಡಿಸಿಕೊಳ್ಳಬಹುದು.

ನಮ್ಮಲ್ಲಿ ಸದ್ಯಕ್ಕೆ ಹೆಚ್ಚಿನ ಉದ್ಯಮಗಳಿಗೆ ಎರಡನೆಯ ದಾರಿಯೇ ವಾಸಿ ಎಂದು ನನ್ನ ಅಭಿಪ್ರಾಯ. ಜಾಲ ನಿಮ್ಮ ಆವರಣದಲ್ಲಿ, ತರಂಗಾಂತರದ ತಲೆನೋವು ಕಂಪನಿಗೆ. ಮೊದಲನೆಯದು ಅಗ್ಗವಾದರೂ ಹೊರಗಿನ ಜಾಲ ಕೆಟ್ಟರೆ ನಿಮ್ಮದೂ ಕೆಡುವ ಸಾಧ್ಯತೆ ಇದೆ. ಇನ್ನೊಂದು ಮಾತು: ನೀವೇ ಪರವಾನಗಿ ಪಡೆದು ಕಟ್ಟುವ ಜಾಲವನ್ನು ಸಾರ್ವಜನಿಕ ದೂರವಾಣಿ ಜಾಲಕ್ಕೆ ಜೋಡಿಸುವಂತಿಲ್ಲ ಎಂದು 2022ರ ಮಾರ್ಗಸೂಚಿ ಹೇಳಿತ್ತು. ಹಾಗಿದ್ದರೆ ಆ ಸಿಮ್‌ನಿಂದ ನೌಕರರು ಮನೆಗೆ ಫೋನ್ ಮಾಡಲಾಗದು. ಇದನ್ನು ಮೊದಲೇ ಹೇಳದಿದ್ದರೆ ಶುರುವಾದ ವಾರವೇ ಗೊಣಗಾಟ ಕೇಳಬೇಕಾಗುತ್ತದೆ.

ಹಂತ 5: ಮೇಲಕ್ಕೆ ಹೋಗುವ ದತ್ತಾಂಶದ ಲೆಕ್ಕ ಹಾಕಿ

ಸಾರ್ವಜನಿಕ ಜಾಲ ನೋಡುವವರಿಗಾಗಿ ಕಟ್ಟಿದ್ದು. ವಿಡಿಯೊ ಕೆಳಗಿಳಿಯುತ್ತದೆ, ಮೇಲೆ ಹೋಗುವುದು ಕಡಿಮೆ. ಹಾಗಾಗಿ 5ಜಿಯ ಮುಖ್ಯ ಪಟ್ಟಿಯಲ್ಲಿ ಸುಮಾರು ಮುಕ್ಕಾಲು ಪಾಲು ಸಮಯ ಕೆಳಮುಖ ಸಂಚಾರಕ್ಕೇ ಹೋಗುತ್ತದೆ. ಕಾರ್ಖಾನೆಯಲ್ಲಿ ಇದು ತಲೆಕೆಳಗು: ಕ್ಯಾಮೆರಾ, ಸಂವೇದಕ ಎಲ್ಲವೂ ಕಳಿಸುತ್ತವೆ, ಪಡೆಯುವುದು ಅತ್ಯಲ್ಪ. ಒಂದು ಪೂರ್ಣ ಎಚ್‌ಡಿ ಕ್ಯಾಮೆರಾಗೆ ಸೆಕೆಂಡಿಗೆ 5 ಮೆಗಾಬಿಟ್ ಎಂದು ಹಿಡಿದರೂ 40 ಕ್ಯಾಮೆರಾಗಳಿಗೆ ಮೇಲ್ಮುಖವಾಗಿ ನಿರಂತರ 200 ಮೆಗಾಬಿಟ್ ಬೇಕು. ಮಾರಾಟದ ಕಾಗದದಲ್ಲಿರುವ ಗಿಗಾಬಿಟ್ ಕೆಳಮುಖದ್ದು. ‘ಮೇಲ್ಮುಖವಾಗಿ, ಎಲ್ಲ ಸಾಧನಗಳು ಒಟ್ಟಿಗೆ ಕಳಿಸುವಾಗ, ಆವರಣದ ಅಂಚಿನಲ್ಲಿ ಎಷ್ಟು?’ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಈ ಹಂಚಿಕೆಯನ್ನು ಬದಲಿಸಬಹುದು, ಆದರೆ ಅಕ್ಕಪಕ್ಕದ ಸಾರ್ವಜನಿಕ ಗೋಪುರ ಅದೇ ಪಟ್ಟಿಯಲ್ಲಿ ಬೇರೆ ತಾಳದಲ್ಲಿ ನಡೆಯುತ್ತಿದ್ದರೆ ಎರಡೂ ಒಂದಕ್ಕೊಂದು ಅಡ್ಡಿಯಾಗುತ್ತವೆ. ದಪ್ಪ ಗೋಡೆಯ ಕಟ್ಟಡದೊಳಗೆ ಸಾಧ್ಯ, ತೆರೆದ ಅಂಗಳದಲ್ಲಿ ಕಷ್ಟ.

ವಿಳಂಬದ ವಿಷಯದಲ್ಲೂ ನಿರೀಕ್ಷೆ ತಗ್ಗಿಸಿಕೊಳ್ಳಿ. ಒಂದು ಮಿಲಿಸೆಕೆಂಡ್ ಎಂಬುದು ಪ್ರಮಾಣಕಗಳಲ್ಲಿ ರೇಡಿಯೊ ಭಾಗಕ್ಕೆ ಇಟ್ಟ ಗುರಿ. ನಿಜವಾದ ಸ್ಥಾಪನೆಗಳಲ್ಲಿ ಹೋಗಿಬರಲು 10ರಿಂದ 20 ಮಿಲಿಸೆಕೆಂಡ್ ಸಾಮಾನ್ಯ. ಸಾಗಣೆ ಗಾಡಿಗೆ, ಕ್ರೇನಿಗೆ ಇದು ಧಾರಾಳ. ರೋಬಾಟ್ ತೋಳಿನ ಮೋಟರುಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸವನ್ನು ಮಾತ್ರ ಕೇಬಲ್‌ಗೇ ಬಿಡಿ.

ಹಂತ 6: ಜಾಗ ತುಂಬಿರುವಾಗ ಅಳೆಯಿರಿ

ಖಾಲಿ ಶೆಡ್‌ನಲ್ಲಿ ಮಾಡಿದ ಸಮೀಕ್ಷೆಗೆ ಬೆಲೆಯಿಲ್ಲ. ಲೋಹ ಅಲೆಗಳನ್ನು ಹಿಂದಿರುಗಿಸುತ್ತದೆ, ನೀರು ಹೀರುತ್ತದೆ. ಬೇಸಿಗೆಯಲ್ಲಿ ಪಾನೀಯದ ಬಾಟಲಿಗಳು ಚಾವಣಿಯವರೆಗೆ ತುಂಬಿದ ಗೋದಾಮು ಒಂದು ಬಗೆ, ಮಳೆಗಾಲದಲ್ಲಿ ದಾಸ್ತಾನು ಇಳಿದಾಗ ಇನ್ನೊಂದು ಬಗೆ. ದಾಸ್ತಾನು ಗರಿಷ್ಠ ಇರುವಾಗ, ಯಂತ್ರಗಳೆಲ್ಲ ಓಡುತ್ತಿರುವಾಗ, ಬೆಸುಗೆ ನಡೆಯುತ್ತಿರುವಾಗ ಅಳೆಯಿರಿ. ಆಂಟೆನಾಗೆ ಬೇಕಾದ ವಿದ್ಯುತ್ ಮತ್ತು ಫೈಬರ್ ಅಲ್ಲಿವರೆಗೆ ಹೇಗೆ ತಲುಪುತ್ತದೆ ಎಂಬುದನ್ನೂ ಆಗಲೇ ನೋಡಿ. ನಿಸ್ತಂತು ಜಾಲಕ್ಕೂ ತಂತಿ ಬೇಕು ಎಂಬುದನ್ನು ಬಜೆಟ್ ಮಾಡುವವರು ಮರೆಯುತ್ತಾರೆ.

ಹಂತ 7: ಸಾಧನಗಳನ್ನು ಒಂದೊಂದಾಗಿ ಪರಿಶೀಲಿಸಿ

ಯೋಜನೆಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿ. ಜಾಲ ಸಿದ್ಧವಾಗಿರುತ್ತದೆ, ಅದಕ್ಕೆ ಸೇರುವ ಯಂತ್ರ ಇರುವುದಿಲ್ಲ. ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿ ಎಂಬ ಹಳೆಯ ಗಣಕ ಪೆಟ್ಟಿಗೆಗಳಿಗೆ ಸಿಮ್ ಹಾಕುವ ಜಾಗವೇ ಇಲ್ಲ, ಈಥರ್ನೆಟ್ ಎಂಬ ಕೇಬಲ್ ಜಾಲದ ಕಿಂಡಿ ಮಾತ್ರ. ನಡುವೆ ಒಂದು 5ಜಿ ರೂಟರ್ ಇಟ್ಟರೂ ಸಮಸ್ಯೆ ಮುಗಿಯುವುದಿಲ್ಲ. ಪ್ರೊಫಿನೆಟ್‌ನಂಥ ಕೈಗಾರಿಕಾ ಸಂವಹನ ಪದ್ಧತಿಗಳು ಈಥರ್ನೆಟ್ ಮಟ್ಟದಲ್ಲೇ ಮಾತನಾಡುತ್ತವೆ, ಮೊಬೈಲ್ ಜಾಲ ಸಾಮಾನ್ಯವಾಗಿ ಅದರ ಮೇಲಿನ, ಅಂತರ್ಜಾಲ ಬಳಸುವ ಐಪಿ ಮಟ್ಟದಲ್ಲಿ ಸಾಗಿಸುತ್ತದೆ. ಒಂದರೊಳಗೆ ಇನ್ನೊಂದನ್ನು ಹುದುಗಿಸಿ ಸಾಗಿಸುವ ವ್ಯವಸ್ಥೆ ಬೇಕಾಗುತ್ತದೆ. ಯಾಂತ್ರೀಕರಣ ವಿಭಾಗದ ಎಂಜಿನಿಯರ್ ಮೊದಲ ಸಭೆಯಿಂದಲೇ ಕುಳಿತಿರಲಿ.

ಪ್ರತಿ ಸ್ಕ್ಯಾನರ್, ಟ್ಯಾಬ್ಲೆಟ್, ರೂಟರ್ ನಿಮಗೆ ಸಿಗುವ ತರಂಗಾಂತರ ಪಟ್ಟಿಯನ್ನು ಹಿಡಿಯುತ್ತದೆಯೇ ನೋಡಿ. ವಿದೇಶದಿಂದ ತರಿಸುವ ಉಪಕರಣಕ್ಕೆ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರದ ಕಡ್ಡಾಯ ಪ್ರಮಾಣಪತ್ರ ಅನ್ವಯಿಸುತ್ತದೆಯೇ ಕೇಳಿ. ಬಣ್ಣದ ಘಟಕ, ದ್ರಾವಕದ ಗೋದಾಮು, ತೈಲ ಸಂಸ್ಕರಣಾಗಾರದಂಥ ಸ್ಫೋಟದ ಅಪಾಯವಿರುವ ಜಾಗಕ್ಕೆ ಸಾಮಾನ್ಯ ಫೋನ್ ಒಯ್ಯುವಂತಿಲ್ಲ. ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪೆಸೊ ಸಂಸ್ಥೆಯ ಒಪ್ಪಿಗೆ ಪಡೆದ ಸಾಧನವೇ ಬೇಕು, ಅದರ ಬೆಲೆ ಸಾಮಾನ್ಯ ಸಾಧನದ ಹಲವು ಪಟ್ಟು.

ಹಂತ 8: ಒಂದೇ ಸಾಲಿನಲ್ಲಿ ಪ್ರಯೋಗ ಮಾಡಿ

ಪ್ರಯೋಗಕ್ಕೆ ಸುಲಭದ ಜಾಗ ಆರಿಸಬೇಡಿ. ಪಟ್ಟಿಯಲ್ಲಿ ಅತಿ ಹೆಚ್ಚು ನಿಲುಗಡೆ ಕಂಡ ಸಾಲನ್ನೇ ತೆಗೆದುಕೊಳ್ಳಿ. ಹಳೆಯ ಸಂಪರ್ಕವನ್ನು ಕಿತ್ತುಹಾಕದೆ ಹೊಸದನ್ನು ಪಕ್ಕದಲ್ಲೇ ಓಡಿಸಿ. ರಾತ್ರಿ ಪಾಳಿ, ವಿದ್ಯುತ್ ಹೋಗಿ ಜನರೇಟರ್ ಶುರುವಾಗುವ ಕ್ಷಣ, ಒಂದು ರೇಡಿಯೊ ಘಟಕವನ್ನು ಬೇಕೆಂದೇ ಬಂದ್ ಮಾಡಿದಾಗ ಏನಾಗುತ್ತದೆ ಎಂಬುದು, ಇವೆಲ್ಲ ಪ್ರಯೋಗದಲ್ಲಿ ಇರಲಿ. ಹಂತ 1ರ ಪಟ್ಟಿಯ ಅದೇ ನಿಲುಗಡೆಗಳನ್ನು ಮತ್ತೆ ಎಣಿಸಿ. ಎಣಿಕೆ ಇಳಿಯದಿದ್ದರೆ, ವೇಗದ ಪರೀಕ್ಷೆಯ ಅಂಕಿ ಎಷ್ಟೇ ಚೆನ್ನಾಗಿರಲಿ, ಯೋಜನೆ ವಿಸ್ತರಿಸಬೇಡಿ.

ಭದ್ರತೆಯನ್ನೂ ಈಗಲೇ ಗಟ್ಟಿ ಮಾಡಿ. ಸಿಮ್ ಇರುವುದರಿಂದ ಪಾಸ್‌ವರ್ಡ್ ಹಂಚಿಕೊಂಡು ಒಳನುಗ್ಗುವ ಕಾಟ ತಪ್ಪುತ್ತದೆ ನಿಜ. ಆದರೆ ಕಳೆದುಹೋದ ಟ್ಯಾಬ್ಲೆಟ್‌ನ ಸಿಮ್ ಅನ್ನು ಯಾರು, ಎಷ್ಟು ಹೊತ್ತಿನಲ್ಲಿ ನಿಷ್ಕ್ರಿಯಗೊಳಿಸುತ್ತಾರೆ? ಗುತ್ತಿಗೆ ಕಾರ್ಮಿಕ ಬಿಟ್ಟುಹೋದಾಗ ಸಾಧನ ಹಿಂದಿರುಗಿದೆಯೇ ಎಂದು ಯಾರು ನೋಡುತ್ತಾರೆ? ಇದಕ್ಕೊಬ್ಬ ಜವಾಬ್ದಾರ ವ್ಯಕ್ತಿ ಇರಬೇಕು. ಕಚೇರಿಯ ಜಾಲ ಮತ್ತು ಯಂತ್ರಗಳ ಜಾಲದ ನಡುವೆ ಫೈರ್‌ವಾಲ್ ಇರಲಿ.

ಹಂತ 9: ಒಪ್ಪಂದವನ್ನು ನಿಲುಗಡೆಯ ಭಾಷೆಯಲ್ಲಿ ಬರೆಸಿ

‘99.9 ಶೇಕಡಾ ಲಭ್ಯತೆ’ ಎಂಬ ಸಾಲು ಓದಲು ಚೆನ್ನ. ವರ್ಷಕ್ಕೆ ಅದು ಎಂಟೂಮುಕ್ಕಾಲು ಗಂಟೆ ನಿಲುಗಡೆಗೆ ಅನುಮತಿ. ಅಷ್ಟೂ ಹೊತ್ತು ಒಂದೇ ಪಾಳಿಯಲ್ಲಿ ಬಂದರೆ? ಹಾಗಾಗಿ ಒಟ್ಟು ಶೇಕಡಾವಾರು ಬೇಡ, ಒಂದು ಸಲಕ್ಕೆ ಗರಿಷ್ಠ ಎಷ್ಟು ನಿಮಿಷ, ಆವರಣದ ಯಾವ ಭಾಗದಲ್ಲಿ ಎಂದು ಬರೆಸಿ. ರಾತ್ರಿ ಎರಡು ಗಂಟೆಗೆ ಕರೆ ಸ್ವೀಕರಿಸುವವರು ಯಾರು, ಬಿಡಿ ರೇಡಿಯೊ ಘಟಕ ನಿಮ್ಮ ಉಗ್ರಾಣದಲ್ಲೇ ಇರುತ್ತದೆಯೇ, ತಂತ್ರಾಂಶದ ನವೀಕರಣಕ್ಕೆ ನಿಮ್ಮ ಒಪ್ಪಿಗೆ ಬೇಕೇ ಎಂಬುದು ಕಾಗದದಲ್ಲಿ ಇರಲಿ.

ಎಲ್ಲಕ್ಕಿಂತ ಜಗ್ಗಾಟ ನಡೆಯುವುದು ಬಿಡುಗಡೆಯ ಷರತ್ತಿನ ಮೇಲೆ. ಅವಧಿ ಮುಗಿದಾಗ ಉಪಕರಣ ಯಾರದು, ಸಿಮ್‌ಗಳ ಗುಪ್ತ ಕೀಲಿಗಳನ್ನು ನಿಮಗೆ ಹಸ್ತಾಂತರಿಸುತ್ತಾರೆಯೇ, ಬೇರೆ ಕಂಪನಿಗೆ ಬದಲಾಗುವ ತಿಂಗಳುಗಳಲ್ಲಿ ಹಳೆಯ ಜಾಲವನ್ನು ಓಡಿಸಿಕೊಡುತ್ತಾರೆಯೇ? ಕೀಲಿಗಳು ಸಿಗದಿದ್ದರೆ ಕಂಪನಿ ಬದಲಿಸುವ ದಿನ ಪ್ರತಿ ಗಾಡಿ, ಪ್ರತಿ ಸ್ಕ್ಯಾನರ್‌ನ ಸಿಮ್ ತೆಗೆದು ಹೊಸದು ಹಾಕಬೇಕಾಗುತ್ತದೆ. ಸಾವಿರ ಸಾಧನಗಳಿರುವ ಆವರಣದಲ್ಲಿ ಅದು ದಿನಗಟ್ಟಲೆ ಉತ್ಪಾದನೆಗೆ ಕಲ್ಲು ಹಾಕುವ ಕೆಲಸ. ಹೊರಗಿನಿಂದಲೇ ವಿವರ ಬದಲಿಸಬಹುದಾದ ಇ-ಸಿಮ್ ಸಾಧನಗಳನ್ನು ಆರಿಸಿದರೆ ಈ ತೊಡಕು ಬಹುಪಾಲು ತಪ್ಪುತ್ತದೆ. ಆದ್ದರಿಂದ ಹಂತ 7ರ ಖರೀದಿ ಆದೇಶಕ್ಕೆ ಸಹಿ ಹಾಕುವ ಮೊದಲು ಈ ಒಪ್ಪಂದದ ಕರಡು ನಿಮ್ಮ ಮೇಜಿನ ಮೇಲಿರಬೇಕು.